ತೇವವೂ ತೊಗಲೂ: ರೋಗಶಯ್ಯೆಯ ಭೌತವಿಜ್ಞಾನ

ಪಾತ್ರೆ ತೊಳೆದೋ ಬಟ್ಟೆ ಒಗೆದೋ ಬಹಳ ಹೊತ್ತು ನೀರಿನಲ್ಲಿ ಕೈಯಾಡಿಸಿದವರ ಬೆರಳ ತುದಿಗಳು ಬಿಳಿಚಿಕೊಂಡು, ಮೆತ್ತಗಾಗಿ, ನೆರಿಗೆಗಟ್ಟುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಕಳೆದರೆ ಬೆರಳು ಮೊದಲಿನಂತಾಗುತ್ತದೆ. ನಾವು ಅದನ್ನು ಮರೆತುಬಿಡುತ್ತೇವೆ. ಮಳೆಗಾಲದಲ್ಲಿ ದಿನವಿಡೀ ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡುವವರ ಪಾಡು ಬೇರೆ. ಅವರ ಕಾಲ್ಬೆರಳುಗಳ ಸಂದಿಯ ಚರ್ಮಕ್ಕೆ ಒಣಗಲು ಅವಕಾಶವೇ ದೊರೆಯದೆ ಅದು ಬಿರಿದು ಹುಣ್ಣಾಗುತ್ತದೆ. ಎರಡು ಕಡೆಯೂ ನೀರು ನೀರೇ, ಚರ್ಮ ಚರ್ಮವೇ. ಮುಖ್ಯವಾದ ವ್ಯತ್ಯಾಸವಿರುವುದು ತೇವವು ಎಷ್ಟು ಹೊತ್ತು ಉಳಿಯಿತು ಎಂಬುದರಲ್ಲಿ.

ಈ ಸಾಮಾನ್ಯ ಸಂಗತಿಯು ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿರುವ ರೋಗಿಯ ಪಾಲಿಗೆ ಗಂಡಾಂತರವಾಗಬಲ್ಲದು. ಹೃದಯ, ಶ್ವಾಸಕೋಶ, ಮೂತ್ರಪಿಂಡ ಇವುಗಳನ್ನು ಕಾಪಾಡಲು ಯಂತ್ರಗಳೂ ವೈದ್ಯರೂ ಹೋರಾಡುತ್ತಿರುವಾಗ, ಬೆನ್ನ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ, ಚರ್ಮವು ಕೆಡತೊಡಗಬಹುದು. ಇದು ಹೇಗಾಗುತ್ತದೆ, ಇದನ್ನು ತಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ವಿಷಯವು ವೈದ್ಯಶಾಸ್ತ್ರಕ್ಕೆ ಸೇರಿದುದಾದರೂ ಇದರ ಬಹುಭಾಗವು ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನಗಳೇ ಆಗಿವೆ.

ತೀವ್ರನಿಗಾ ಘಟಕದ ರೋಗಿ

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹಬ್ಬಿತು. ಉಸಿರಾಟದ ಸ್ನಾಯುಗಳು ನಿಶ್ಚೇಷ್ಟವಾಗಿ ರೋಗಿಗಳು ಸಾಯತೊಡಗಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಎಂಬವರು ಗಂಟಲಿಗೆ ರಂಧ್ರಮಾಡಿ, ಕೊಳವೆಯಿಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಸುಕುತ್ತಾ ಗಾಳಿಯೂಡುವ ಉಪಾಯವನ್ನು ಸೂಚಿಸಿದರು. ಸುಮಾರು 1500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ರೋಗಿಗಳ ಬಳಿ ಕುಳಿತು ಚೀಲವನ್ನು ಹಿಸುಕಿದರು. 1953ರ ಡಿಸೆಂಬರಿನಲ್ಲಿ ಅದೇ ನಗರದಲ್ಲಿ ಇಬ್ಸೆನ್ನರು ಸ್ಥಾಪಿಸಿದ ಘಟಕವನ್ನು ಇಂದಿನ ತೀವ್ರನಿಗಾ ಘಟಕಗಳ ಮೂಲವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ.

ಇಂಥ ಘಟಕಗಳು ಬಂದಮೇಲೆ, ಹಿಂದೆ ಬದುಕುವಂತಿರದಿದ್ದ ರೋಗಿಗಳು ದಿನಗಟ್ಟಲೆ, ವಾರಗಟ್ಟಲೆ ಬದುಕಿ ಉಳಿಯುವಂತಾಯಿತು. ಆದರೆ ಅಷ್ಟು ದಿನವೂ ಅವರು ಹಾಸಿಗೆಯಲ್ಲಿ ಕದಲದೆ ಮಲಗಿರಬೇಕಾಯಿತು. ಆರೋಗ್ಯವಂತನು ನಿದ್ರೆಯಲ್ಲಿಯೂ ಮಗ್ಗುಲಾಗುತ್ತಾನೆ. ಮೈ ಒದ್ದೆಯಾದರೆ ಎಚ್ಚರಗೊಳ್ಳುತ್ತಾನೆ. ಶಾಮಕ ಔಷಧಗಳ ಪ್ರಭಾವದಲ್ಲಿರುವ ರೋಗಿಗೆ ಈ ಎರಡೂ ಇಲ್ಲ. ಜ್ವರದಿಂದ ಆತನು ಬೆವರುತ್ತಾನೆ. ಕೊಳವೆಯ ಮೂಲಕ ಕೊಡುವ ದ್ರವಾಹಾರದಿಂದಲೂ ಪ್ರತಿಜೈವಿಕ ಔಷಧಗಳಿಂದಲೂ ಅನೇಕ ವೇಳೆ ಭೇದಿಯಾಗುತ್ತದೆ. ರಕ್ತದೊತ್ತಡವನ್ನು ಏರಿಸಲು ಕೊಡುವ ಔಷಧಗಳು ಚರ್ಮದ ಸಣ್ಣ ರಕ್ತನಾಳಗಳನ್ನು ಸಂಕುಚಿಸಿ ಅಲ್ಲಿಗೆ ಹೋಗುವ ರಕ್ತವನ್ನು ಕಡಮೆಮಾಡುತ್ತವೆ. ಹೀಗೆ ಚರ್ಮದ ಮೇಲೆ ತೇವವು ಹೆಚ್ಚುವ ಕಾಲದಲ್ಲಿಯೇ ಅದನ್ನು ತಾಳುವ ಶಕ್ತಿಯು ಕುಗ್ಗುತ್ತದೆ.

ತೇವದಿಂದಾಗುವ ಚರ್ಮಹಾನಿಯನ್ನು 2011ರಲ್ಲಿ ತಜ್ಞರ ಗುಂಪೊಂದು ನಾಲ್ಕು ಬಗೆಯಾಗಿ ವಿಂಗಡಿಸಿತು: ಮಲಮೂತ್ರಗಳ ಸಂಪರ್ಕದಿಂದ ಆಗುವುದು, ಚರ್ಮದ ಮಡಿಕೆಗಳಲ್ಲಿ ಬೆವರು ನಿಂತು ಆಗುವುದು, ಗಾಯದಿಂದ ಸೋರುವ ದ್ರವದಿಂದ ಅದರ ಸುತ್ತ ಆಗುವುದು, ಕರುಳು ಮೊದಲಾದವುಗಳಿಗೆ ಶಸ್ತ್ರಚಿಕಿತ್ಸೆಯಿಂದ ಮಾಡಿದ ದ್ವಾರದ ಸುತ್ತ ಆಗುವುದು. ಇವುಗಳಲ್ಲಿ ಮೊದಲನೆಯದನ್ನೇ ಇಲ್ಲಿ ಮುಖ್ಯವಾಗಿ ವಿವೇಚಿಸುತ್ತೇವೆ.

ಇಟ್ಟಿಗೆ ಮತ್ತು ಗಾರೆ

ನಮ್ಮ ಚರ್ಮದ ಅತ್ಯಂತ ಹೊರಗಿನ ಪದರಕ್ಕೆ ಶೃಂಗಪದರವೆಂದು ಹೆಸರು. ಕೊಂಬು, ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರಲ್ಲಿಯೂ ತುಂಬಿರುವುದರಿಂದ ಈ ಹೆಸರು ಬಂದಿದೆ. ಅಂಗೈ ಅಂಗಾಲುಗಳಲ್ಲಿ ಇದು ದಪ್ಪನಾಗಿದ್ದರೂ ದೇಹದ ಉಳಿದ ಬಹುಭಾಗದಲ್ಲಿ ಇದರ ದಪ್ಪವು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಇಷ್ಟು ತೆಳುವಾದ ಪೊರೆಯಲ್ಲಿ ಸುಮಾರು 15ರಿಂದ 20 ಸಾಲು ಚಪ್ಪಟೆಯಾದ ನಿರ್ಜೀವ ಕೋಶಗಳು ಒಂದರ ಮೇಲೊಂದು ಜೋಡಿಸಿಕೊಂಡಿವೆ. ಕೋಶಗಳ ನಡುವಣ ಸಂದುಗಳಲ್ಲಿ ಸಿರಮೈಡ್, ಕೊಲೆಸ್ಟೆರಾಲ್, ಮೇದಾಮ್ಲ ಎಂಬ ಜಿಡ್ಡಿನ ಪದಾರ್ಥಗಳು ಪದರ ಪದರವಾಗಿ ತುಂಬಿವೆ. 1980ರ ದಶಕದಲ್ಲಿ ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಇದನ್ನು ಇಟ್ಟಿಗೆ ಗಾರೆಗಳ ಗೋಡೆಗೆ ಹೋಲಿಸಿ ವಿವರಿಸಿದರು. ಕೋಶಗಳೇ ಇಟ್ಟಿಗೆ, ಜಿಡ್ಡೇ ಗಾರೆ.

ಈ ಗೋಡೆ ಎಷ್ಟು ಭದ್ರವೆಂಬುದನ್ನು ಒಂದು ಸುಲಭವಾದ ಲೆಕ್ಕದಿಂದ ಅರಿಯಬಹುದು. ನಾವು ಬೆವರದೆ ಸುಮ್ಮನೆ ಕುಳಿತಿರುವಾಗಲೂ ಚರ್ಮದ ಮೂಲಕ ಸ್ವಲ್ಪ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಆರೋಗ್ಯವಾದ ಚರ್ಮದಲ್ಲಿ ಇದು ಗಂಟೆಗೆ ಚದರ ಮೀಟರಿಗೆ ಸುಮಾರು 5ರಿಂದ 10 ಗ್ರಾಂ. 8 ಗ್ರಾಂ ಎಂದು ಇಟ್ಟುಕೊಳ್ಳೋಣ. ಬೆಳೆದವನ ದೇಹದ ಮೇಲ್ಮೈ ವಿಸ್ತೀರ್ಣ ಸುಮಾರು 1.7 ಚದರ ಮೀಟರ್. ಆದ್ದರಿಂದ ದಿನವೊಂದಕ್ಕೆ 8 × 1.7 × 24, ಅಂದರೆ ಸುಮಾರು 326 ಗ್ರಾಂ ನೀರು ಹೊರಬೀಳುತ್ತದೆ. ಬಹುಪಾಲು ನೀರಿನಿಂದಲೇ ಆದ ದೇಹವೊಂದು ಗಾಳಿಗೆ ಮೈಯೊಡ್ಡಿಕೊಂಡು ಇಡೀ ದಿನದಲ್ಲಿ ಕಳೆದುಕೊಳ್ಳುವುದು ಒಂದೆರಡು ಲೋಟದಷ್ಟು ಮಾತ್ರ. ಕಾಗದಕ್ಕಿಂತಲೂ ತೆಳುವಾದ ಈ ಗೋಡೆಯಿಲ್ಲದಿದ್ದರೆ ನಾವು ಬೇಗನೆ ಬತ್ತಿಹೋಗುತ್ತಿದ್ದೆವು.

ಗೋಡೆಗೆ ನೀರು ಹೊಕ್ಕಾಗ

ಆದರೆ ಈ ಗೋಡೆಯ ಇಟ್ಟಿಗೆಗಳು ಸುಟ್ಟ ಇಟ್ಟಿಗೆಗಳಲ್ಲ. ನೀರು ಹೀರುವ ಹಸಿ ಇಟ್ಟಿಗೆಗಳಂತಿವೆ. ಕೆರಾಟಿನ್ ನೀರನ್ನು ಹೀರಿ ಉಬ್ಬುತ್ತದೆ. ಸ್ವಲ್ಪ ಹೀರುವುದು ಒಳ್ಳೆಯದೇ. ಚರ್ಮವು ಮೃದುವಾಗಿ ಬಾಗುವುದು ಅದರಿಂದಲೇ. ನೀರು ಬಿಡದೆ ತಾಗಿಕೊಂಡಿದ್ದರೆ ಮಾತ್ರ ಹಾನಿ ಮೊದಲಾಗುತ್ತದೆ. 2003ರಲ್ಲಿ ಪ್ರಕಟವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಗಳಲ್ಲಿ, 4 ಗಂಟೆಗಳ ಕಾಲ ನೀರಿನ ಸಂಪರ್ಕದಲ್ಲಿದ್ದ ಶೃಂಗಪದರದ ದಪ್ಪವು ಸುಮಾರು 3 ಪಟ್ಟು ಹೆಚ್ಚಿದುದು ಕಂಡುಬಂದಿತು. ಕೋಶಗಳು ಉಬ್ಬಿದುದಲ್ಲದೆ ಅವುಗಳ ಮಧ್ಯೆ ನೀರಿನ ಸಣ್ಣ ಮಡುಗಳು ತುಂಬಿ, ಜಿಡ್ಡಿನ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿದ್ದವು. ಗಾರೆ ಸಡಲಿದ ಗೋಡೆ ನಿಂತಿರುತ್ತದೆ. ಆದರೆ ಸ್ವಲ್ಪ ತಳ್ಳಿದರೂ ಬೀಳುತ್ತದೆ.

ಇಲ್ಲಿ ಒಂದು ತಪ್ಪುತಿಳಿವಳಿಕೆಯನ್ನು ನಿವಾರಿಸಬೇಕು. ನೀರಿನಲ್ಲಿ ಬೆರಳು ನೆರಿಗೆಗಟ್ಟುವುದು ಚರ್ಮವು ನೀರು ಹೀರಿ ಹಿಗ್ಗುವುದರಿಂದಲೇ ಎಂದು ಬಹುಮಂದಿ ಭಾವಿಸಿದ್ದಾರೆ. ಕೈಯ ನರಕ್ಕೆ ಪೆಟ್ಟುಬಿದ್ದವರಲ್ಲಿ ಆ ನರದ ವ್ಯಾಪ್ತಿಗೆ ಸೇರಿದ ಬೆರಳುಗಳು ನೆರಿಗೆಗಟ್ಟುವುದಿಲ್ಲವೆಂದು 1936ರಲ್ಲಿ ಲೂಯಿಸ್ ಮತ್ತು ಪಿಕರಿಂಗ್ ಎಂಬ ವೈದ್ಯರು ತೋರಿಸಿದರು. ನೆರಿಗೆಗೆ ಕಾರಣವಾದುದು ನರಗಳ ಆಜ್ಞೆಯಂತೆ ಬೆರಳ ತುದಿಯ ರಕ್ತನಾಳಗಳು ಸಂಕೋಚಗೊಳ್ಳುವುದು. ಚರ್ಮವು ಬಿಳಿಚಿ ಮೆತ್ತಗಾಗುವುದಾದರೋ ನೀರು ಹೀರಿದುದರ ಫಲ. ನಮಗೆ ಇಲ್ಲಿ ಬೇಕಾದುದು ಈ ಎರಡನೆಯದು.

ಆಮ್ಲದ ಕಾವಲು

ಅರಿಸಿನದ ಕಲೆಯಾದ ಬಟ್ಟೆಗೆ ಸಾಬೂನು ಹಚ್ಚಿದೊಡನೆ ಕಲೆಯು ಕೆಂಪಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಅದರ ಮೇಲೆ ನಿಂಬೆಯ ರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಅರಿಸಿನವು ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಆಮ್ಲ ಕ್ಷಾರಗಳ ಪ್ರಬಲತೆಯನ್ನು ಅಂಕಿಗಳಲ್ಲಿ ಹೇಳಲು 1909ರಲ್ಲಿ ಸೋರೆನ್‌ಸೆನ್ ಎಂಬ ರಸಾಯನವಿಜ್ಞಾನಿಯು ಪಿಎಚ್ ಮಾನವನ್ನು ರೂಪಿಸಿದನು. ಅದೂ ಕೋಪನ್‌ಹೇಗನ್ನಿನಲ್ಲಿಯೇ ನಡೆದ ಕೆಲಸ. ಈ ಮಾನದಲ್ಲಿ 7 ತಟಸ್ಥ. ಅದಕ್ಕಿಂತ ಕಡಮೆಯಾದುದು ಆಮ್ಲ, ಹೆಚ್ಚಾದುದು ಕ್ಷಾರ. ಒಂದೊಂದು ಅಂಕ ಏರಿದಂತೆ ಹೈಡ್ರೋಜನ್ ಅಯಾನುಗಳ ಸಾಂದ್ರತೆಯು ಹತ್ತು ಪಟ್ಟು ಇಳಿಯುತ್ತದೆ.

ಆರೋಗ್ಯವಾದ ಚರ್ಮದ ಹೊರಮೈ ಪಿಎಚ್ ಸಾಮಾನ್ಯವಾಗಿ 4ರಿಂದ 6ರೊಳಗೆ ಇರುತ್ತದೆ. 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬವರು ಇದಕ್ಕೆ 'ಆಮ್ಲದ ಹೊದಿಕೆ' ಎಂಬ ಅರ್ಥದ ಹೆಸರನ್ನು ಕೊಟ್ಟರು. ಈ ಆಮ್ಲತೆಯು ಕೇಡುಮಾಡುವ ಅನೇಕ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ. ಗಾರೆಯ ಜಿಡ್ಡನ್ನು ತಯಾರಿಸುವ ಕಿಣ್ವಗಳೂ ಇದರಲ್ಲಿಯೇ ಚೆನ್ನಾಗಿ ಕೆಲಸಮಾಡುತ್ತವೆ.

ಮೂತ್ರವು ಹೊಸದಾಗಿದ್ದಾಗ ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವಾಗಿಯೇ ಇರುತ್ತದೆ. ಅದು ಚರ್ಮದ ಮೇಲೆ ನಿಂತಾಗ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಅದರಲ್ಲಿರುವ ಯೂರಿಯವನ್ನು ಒಡೆದು ಅಮೋನಿಯ ಮತ್ತು ಕಾರ್ಬನ್ ಡೈಆಕ್ಸೈಡುಗಳನ್ನಾಗಿ ಮಾಡುತ್ತವೆ. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಕಾಳಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದ, ಮುಂದೆ 1946ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ತಂದುಕೊಟ್ಟ ಕಿಣ್ವವೇ ಇದು. ಅಮೋನಿಯ ಕ್ಷಾರ. ಚರ್ಮದ ಪಿಎಚ್ 5ರಿಂದ 8ಕ್ಕೆ ಏರಿತೆಂದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆಯು ಸಾವಿರದಲ್ಲಿ ಒಂದು ಪಾಲಿಗೆ ಇಳಿಯಿತೆಂದು ಅರ್ಥ. ಇಷ್ಟೇ ಅಲ್ಲ. ಭೇದಿಯ ಮಲದಲ್ಲಿ ಪ್ರೋಟೀನನ್ನೂ ಜಿಡ್ಡನ್ನೂ ಅರಗಿಸುವ ಕಿಣ್ವಗಳು ಹೇರಳವಾಗಿ ಉಳಿದಿರುತ್ತವೆ. ಕ್ಷಾರದಲ್ಲಿ ಇವು ಚುರುಕಾಗುತ್ತವೆ. ನಮ್ಮ ಗೋಡೆಯ ಇಟ್ಟಿಗೆ ಪ್ರೋಟೀನು, ಗಾರೆ ಜಿಡ್ಡು ಎಂಬುದನ್ನು ನೆನೆದರೆ ಮುಂದಿನದು ತಾನಾಗಿಯೇ ತಿಳಿಯುತ್ತದೆ. ಊಟವನ್ನು ಅರಗಿಸಬೇಕಾದ ಕಿಣ್ವಗಳು ಚರ್ಮವನ್ನೇ ಅರಗಿಸತೊಡಗುತ್ತವೆ. ಮೂತ್ರ ಮಲಗಳೆರಡೂ ಕೂಡಿದಾಗ ಹಾನಿಯು ಹೆಚ್ಚಾಗುವುದು ಇದರಿಂದಲೇ.

ಇಳಿಜಾರು ಹಾಸಿಗೆ

ಈಗ ಒಂದು ಯಂತ್ರಶಾಸ್ತ್ರದ ಸಮಸ್ಯೆ. ಕೃತಕ ಉಸಿರಾಟದ ಯಂತ್ರಕ್ಕೆ ಸೇರಿಸಿದ ರೋಗಿಯನ್ನು ಸಾಮಾನ್ಯವಾಗಿ ಹಾಸಿಗೆಯ ತಲೆಯ ಭಾಗವನ್ನು 30ರಿಂದ 45 ಡಿಗ್ರಿಗಳಷ್ಟು ಎತ್ತಿ ಮಲಗಿಸುತ್ತಾರೆ. ಜಠರದಲ್ಲಿರುವುದು ಮೇಲೆ ಬಂದು ಶ್ವಾಸಕೋಶವನ್ನು ಸೇರಿ ನ್ಯೂಮೋನಿಯ ಆಗದಿರಲೆಂದು ಈ ಏರ್ಪಾಡು. ಶ್ವಾಸಕೋಶಕ್ಕೆ ಹಿತವಾದ ಇದು ಚರ್ಮಕ್ಕೆ ಏನು ಮಾಡುತ್ತದೆ?

ರೋಗಿಯ ತಲೆ ಮತ್ತು ಮುಂಡದ ತೂಕ 30 ಕಿಲೋಗ್ರಾಂ ಎಂದೂ ಇಳಿಜಾರು 30 ಡಿಗ್ರಿ ಎಂದೂ ಭಾವಿಸೋಣ. ಇಳಿಜಾರಿನ ಗುಂಟ ಕೆಳಕ್ಕೆ ಎಳೆಯುವ ಬಲವು 30 × 0.5, ಅಂದರೆ 15 ಕಿಲೋಗ್ರಾಂ ತೂಕದಷ್ಟು. ಹಾಸಿಗೆಯನ್ನು ಲಂಬವಾಗಿ ಒತ್ತುವ ಬಲವು 30 × 0.87, ಅಂದರೆ ಸುಮಾರು 26. ಒಣ ಚರ್ಮಕ್ಕೂ ಹಾಸುಬಟ್ಟೆಗೂ ನಡುವಣ ಘರ್ಷಣಾಂಕವನ್ನು ಉದಾಹರಣೆಗಾಗಿ 0.4 ಎಂದು ಹಿಡಿದರೆ, ಘರ್ಷಣೆಯು ಹೆಚ್ಚೆಂದರೆ 26 × 0.4, ಅಂದರೆ ಸುಮಾರು 10ನ್ನು ತಡೆಯಬಲ್ಲದು. ಉಳಿದ 5ನ್ನು ಸೊಂಟ, ತೊಡೆಗಳ ಕಡೆಯ ಆಸರೆ ಹೊರಬೇಕು. ಹೊರದಿದ್ದರೆ ಮೈ ಸ್ವಲ್ಪ ಸ್ವಲ್ಪವೇ ಜಾರುತ್ತದೆ.

ಚರ್ಮ ತೇವವಾದಾಗ ಘರ್ಷಣಾಂಕವು ಸುಮಾರು ಇಮ್ಮಡಿಯಾಗುತ್ತದೆ. ಕೆಲವೊಮ್ಮೆ ಅದಕ್ಕೂ ಹೆಚ್ಚಾಗುತ್ತದೆ. ನೀರು ಬಿದ್ದರೆ ಎಲ್ಲವೂ ಜಾರುತ್ತದೆಯಷ್ಟೆ, ಇದೇನು ವಿಪರೀತವೆಂದು ವಿದ್ಯಾರ್ಥಿಗಳು ಕೇಳಬಹುದು. ಎರಡು ಗಟ್ಟಿಯಾದ ಮೈಗಳ ನಡುವೆ ನೀರು ತುಂಬಿ ನಿಂತರೆ ಜಾರುವುದು ನಿಜ. ಚರ್ಮವಾದರೋ ತೇವದಿಂದ ಮೆತ್ತಗಾಗಿ ಬಟ್ಟೆಯ ಎಳೆಗಳಿಗೆ ಒತ್ತಿಕೊಳ್ಳುತ್ತದೆ. ನಿಜವಾಗಿ ತಾಗುವ ವಿಸ್ತೀರ್ಣವು ಹೆಚ್ಚುತ್ತದೆ. ಪುಸ್ತಕದ ಹಾಳೆಯನ್ನು ತಿರುವಲು ಬೆರಳನ್ನು ಒದ್ದೆಮಾಡಿಕೊಳ್ಳುವವರು ಅರಿಯದೆಯೇ ಬಳಸುವುದು ಈ ತತ್ತ್ವವನ್ನೇ. ಘರ್ಷಣಾಂಕ 0.8 ಆದರೆ ತಡೆಯಬಲ್ಲ ಬಲವು ಸುಮಾರು 21. ಕೆಳಕ್ಕೆಳೆಯುವ 15ಕ್ಕಿಂತ ಇದು ಹೆಚ್ಚು. ಮೈ ಜಾರುವುದಿಲ್ಲ. ಆದರೆ ಇದು ಸಂತೋಷಪಡುವ ಮಾತಲ್ಲ. ಚರ್ಮ ಬಟ್ಟೆಗೆ ಅಂಟಿ ನಿಂತಿದೆ; ಒಳಗಿನ ಎಲುಬಾದರೋ ಕೆಳಕ್ಕೆ ಎಳೆಯುತ್ತಲೇ ಇದೆ. ಒಣಗಿದ್ದಾಗ ಹೆಚ್ಚೆಂದರೆ 10ನ್ನು ಹೊರುತ್ತಿದ್ದ ಚರ್ಮವು ಈಗ 15ನ್ನೂ ತಾನೇ ಹೊರುತ್ತದೆ. ಚರ್ಮಕ್ಕೂ ಎಲುಬಿಗೂ ಮಧ್ಯೆ ಇರುವ ಪದರಗಳು ಇಸ್ಪೀಟಿನ ಕಟ್ಟನ್ನು ಓರೆಯಾಗಿ ತಳ್ಳಿದಂತೆ ಒಂದರ ಮೇಲೊಂದು ಸರಿಯುತ್ತವೆ. ಅವುಗಳೊಳಗಿನ ರಕ್ತನಾಳಗಳು ಎಳೆದು ಸಣ್ಣಗಾಗುತ್ತವೆ. ಇದೇ ಸಮಯದಲ್ಲಿ ಯಾರಾದರೂ ರೋಗಿಯನ್ನು ಎತ್ತದೆ ಮೇಲಕ್ಕೆ ಎಳೆದರೆ, ನೆನೆದು ಸಡಲಿದ ಹೊರಪದರವು ಸುಲಿದುಬರುತ್ತದೆ. ನಮ್ಮ ಲೆಕ್ಕವು ಸ್ಥೂಲವಾದುದು. ಆದರೆ ಅದು ತೋರಿಸುವ ದಿಕ್ಕು ಸರಿಯಾದುದು.

ಎರಡು ಬಗೆಯ ಹುಣ್ಣು

ಹಾಸಿಗೆ ಹುಣ್ಣಿನಲ್ಲಿ ಮುಖ್ಯ ಕಾರಣ ಒತ್ತಡ. ಅದು ಸಾಮಾನ್ಯವಾಗಿ ಎಲುಬು ಉಬ್ಬಿರುವ ಕಡೆ ಆಗುತ್ತದೆ, ಅಂಚು ಸ್ಪಷ್ಟವಾಗಿರುತ್ತದೆ, ಆಳಕ್ಕೆ ಇಳಿಯಬಹುದು. ತೇವದ ಹಾನಿಯು ಪೃಷ್ಠಭಾಗ, ತೊಡೆಸಂದಿ, ಚರ್ಮದ ಮಡಿಕೆ ಇವುಗಳಲ್ಲಿ ಹರಡಿಕೊಂಡಿರುತ್ತದೆ, ಅಂಚು ಅಸ್ಪಷ್ಟ, ಹುಣ್ಣು ಮೇಲೆಮೇಲೆ ಇದ್ದು ಬಹಳ ಉರಿಯುತ್ತದೆ. ಇವನ್ನು ಬೇರ್ಪಡಿಸಿ ಗುರುತಿಸುವುದು ಅಗತ್ಯ. ತೇವದ ಹುಣ್ಣಿನವನನ್ನು ಮಗ್ಗುಲು ಬದಲಿಸಿದರಷ್ಟೇ ಸಾಲದು. ಒತ್ತಡದ ಹುಣ್ಣಿಗೆ ಮುಲಾಮು ಹಚ್ಚಿದರಷ್ಟೇ ಸಾಲದು. ಆದರೂ ಇವೆರಡೂ ನೆರೆಹೊರೆಯವು. 1987ರಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ಅಮೆರಿಕದ ಶುಶ್ರೂಷಾತಜ್ಞೆಯರು ಪ್ರಕಟಿಸಿದ, ಹಾಸಿಗೆ ಹುಣ್ಣಿನ ಅಪಾಯವನ್ನು ಅಳೆಯುವ ಮಾನದ ಆರು ಅಂಶಗಳಲ್ಲಿ ತೇವವೂ ಒಂದು.

ಪುಸ್ತಕಗಳಲ್ಲಿ ಮೊದಲ ಚಿಹ್ನೆಯೆಂದು ಹೇಳುವ ಕೆಂಪುಬಣ್ಣವು ಬಿಳಿಯ ಚರ್ಮದಲ್ಲಿ ಎದ್ದು ಕಾಣುತ್ತದೆ. ನಮ್ಮಲ್ಲಿ ಬಹುಮಂದಿಯದಾಗಿರುವ ಕಂದು ಅಥವಾ ಕಪ್ಪು ಚರ್ಮದಲ್ಲಿ ಅದು ಮರೆಯಾಗಬಹುದು. ಆದುದರಿಂದ ಸುತ್ತಲಿನ ಚರ್ಮಕ್ಕಿಂತ ಬಣ್ಣ ಗಾಢವಾಗಿದೆಯೇ, ಬೆಚ್ಚಗಿದೆಯೇ, ಮುಟ್ಟಿದರೆ ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ, ನೋವಿದೆಯೇ ಎಂದು ನೋಡಬೇಕು.

ನಾವು ಮಾಡಿದ ತಪ್ಪು

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದು ಗ್ರಂಥಗಳಿಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿರಿಯರೊಬ್ಬರು ನ್ಯೂಮೋನಿಯದಿಂದ ತೀವ್ರನಿಗಾ ಘಟಕದಲ್ಲಿದ್ದು ಬದುಕಿ ಮನೆಗೆ ಬಂದರು. ಸೊಂಟದ ಕೆಳಗೆ ಅಂಗೈಯಗಲ ಚರ್ಮ ಕೆಂಪೇರಿತ್ತು. ನಾವು ಬಹಳ ಶ್ರದ್ಧೆಯಿಂದ ಉಪಚರಿಸಿದೆವು. ಹಾಸಿಗೆ ಕೆಡದಿರಲೆಂದು ರಬ್ಬರಿನ ಹಾಳೆ ಹಾಸಿದೆವು. ದಿನಕ್ಕೆ ನಾಲ್ಕು ಬಾರಿ ಸ್ನಾನದ ಸಾಬೂನಿನಿಂದ ತೊಳೆದು, ಟವಲಿನಿಂದ ಚೆನ್ನಾಗಿ ಉಜ್ಜಿ ಒರೆಸಿ, ಪೌಡರು ಸುರಿದೆವು. ಮೂರನೆಯ ದಿನ ಚರ್ಮ ಕಿತ್ತುಬಂದಿತು. ಬಟ್ಟೆ ಬದಲಿಸುವಾಗಲೆಲ್ಲ ಅವರು ಹಲ್ಲುಕಚ್ಚಿ ಸಹಿಸುತ್ತಿದ್ದರು. ಮನೆಗೆ ಬಂದು ನೋಡಿದ ದಾದಿಯೊಬ್ಬರು ನಮ್ಮನ್ನು ಗದರಿಸಲಿಲ್ಲ. ರಬ್ಬರು, ಸಾಬೂನು, ಉಜ್ಜುವುದು, ಪೌಡರು ಎಂದು ಬೆರಳು ಮಡಿಸುತ್ತಾ ನಾಲ್ಕು ತಪ್ಪುಗಳನ್ನು ಎಣಿಸಿದರು. ಇಳಿಜಾರಿನ ಲೆಕ್ಕವನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳಿಕೊಡುವ ನಮಗೆ ಅದು ನಮ್ಮ ಮನೆಯ ಹಾಸಿಗೆಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಆ ನಾಲ್ಕನ್ನೂ ಒಂದೊಂದಾಗಿ ನೋಡೋಣ. ರಬ್ಬರು ಮತ್ತು ಪ್ಲಾಸ್ಟಿಕ್ ಹಾಳೆಗಳು ನೀರನ್ನು ಹಾಸಿಗೆಗೆ ಬಿಡುವುದಿಲ್ಲ. ಆವಿಯನ್ನೂ ಹೊರಕ್ಕೆ ಬಿಡುವುದಿಲ್ಲ. ಅವುಗಳ ಮೇಲಿನ ಗಾಳಿಯು ಆವಿಯಿಂದ ತುಂಬಿಹೋದಮೇಲೆ ಚರ್ಮವು ಒಣಗುವುದೆಂತು? ಇದಕ್ಕೆ ಬದಲಾಗಿ, ಆವಿಯನ್ನು ಹಾಯಗೊಡುವ, ದ್ರವವನ್ನು ಒಳಗೆ ಸೆಳೆದಿಡುವ ಪದರಗಳನ್ನು ಬಳಸಬೇಕು. ಇಂಥವುಗಳಲ್ಲಿರುವ ಸೋಡಿಯಮ್ ಪಾಲಿಅಕ್ರಿಲೇಟ್ ಎಂಬ ಪದಾರ್ಥವು ತನ್ನ ತೂಕದ ಹತ್ತಾರು ಪಟ್ಟು ಮೂತ್ರವನ್ನು ಹೀರಿ ಲೋಳೆಯಂತೆ ಹಿಡಿದಿಡುತ್ತದೆ. ಆದರೂ ಒಂದರ ಮೇಲೊಂದು ಹಲವು ಹಾಸುಗಳನ್ನು ಪೇರಿಸಬಾರದು.

ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಅದು ಆಮ್ಲದ ಹೊದಿಕೆಯನ್ನು ಕೆಡಿಸುವುದಲ್ಲದೆ ಗಾರೆಯ ಜಿಡ್ಡನ್ನೂ ಕರಗಿಸಿ ಒಯ್ಯುತ್ತದೆ. ಚರ್ಮದ ಪಿಎಚ್‌ಗೆ ಹತ್ತಿರವಾದ ಮೃದುವಾದ ಶೋಧಕದಿಂದ, ಮಲಮೂತ್ರ ವಿಸರ್ಜನೆಯಾದ ಪ್ರತಿಸಲವೂ, ತಡಮಾಡದೆ ಶುಚಿಮಾಡಬೇಕು. ಉಜ್ಜುವುದೆಂದರೆ ನೆನೆದ ಗೋಡೆಗೆ ಘರ್ಷಣೆಯನ್ನು ಸೇರಿಸುವುದು. ಮೃದುವಾದ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೇವವನ್ನು ತೆಗೆಯಬೇಕು. ಪೌಡರು ತೇವದಲ್ಲಿ ಗಂಟುಗಟ್ಟಿ ಉಪ್ಪುಕಾಗದದಂತೆ ಕೆರೆಯುತ್ತದೆ. ಅದರ ಬದಲು ಪೆಟ್ರೋಲಿಯಮ್ ಜೆಲ್ಲಿ, ಸತುವಿನ ಆಕ್ಸೈಡ್, ಡೈಮೆಥಿಕೋನ್ ಮೊದಲಾದವುಗಳಿರುವ ಲೇಪವನ್ನು ಹಚ್ಚಿದರೆ ಚರ್ಮಕ್ಕೂ ತೇವಕ್ಕೂ ಮಧ್ಯೆ ತೆರೆಯೊಂದು ಉಂಟಾಗುತ್ತದೆ. ಮುಂದಿನ ಸಲ ಶುಚಿಮಾಡುವಾಗ ಲೇಪವನ್ನೆಲ್ಲ ಕೆರೆದು ತೆಗೆಯುವ ಅಗತ್ಯವಿಲ್ಲ. ಮಲಿನವಾದ ಮೇಲ್ಭಾಗವನ್ನು ತೆಗೆದು ಮತ್ತೆ ಹಚ್ಚಿದರೆ ಸಾಕು.

ಆಸ್ಪತ್ರೆಯಲ್ಲಿ ಇವುಗಳ ಜೊತೆಗೆ ಭೇದಿಯ ಕಾರಣವನ್ನು ಹುಡುಕಿ ಚಿಕಿತ್ಸೆಮಾಡುತ್ತಾರೆ. ಅಗತ್ಯವಾದರೆ ನೀರಾದ ಮಲವನ್ನು ಕೊಳವೆಯ ಮೂಲಕ ಚೀಲಕ್ಕೆ ಹಾಯಿಸುತ್ತಾರೆ. ರೋಗಿಯನ್ನು ಎಳೆಯದೆ, ಜಾರುಹಾಸಿನ ನೆರವಿನಿಂದ ಇಬ್ಬರೋ ಮೂವರೋ ಕೂಡಿ ಸರಿಸುತ್ತಾರೆ. ತೇವವಾದ ಕಡೆ ಕ್ಯಾಂಡಿಡಾ ಎಂಬ ಶಿಲೀಂಧ್ರವು ಬೆಳೆದು ಸುತ್ತಲೂ ಸಣ್ಣ ಗುಳ್ಳೆಗಳು ಎದ್ದರೆ ಅದಕ್ಕೆ ಬೇರೆಯ ಔಷಧ ಬೇಕಾಗುತ್ತದೆ. ಅದನ್ನು ವೈದ್ಯರೇ ನಿರ್ಧರಿಸಬೇಕು.

ನಮ್ಮ ಹಿರಿಯರ ಶ್ವಾಸಕೋಶಗಳು ಗುಣವಾದ ಮೇಲೂ ಚರ್ಮವು ಮಾಯಲು ಸುಮಾರು ಮೂರು ವಾರ ಹಿಡಿಯಿತು. ಆ ದಿನಗಳಲ್ಲಿ ನಾವು ಕಲಿತುದು ಇಷ್ಟು: ತೇವವು ಮುಟ್ಟಿದ ಮಾತ್ರಕ್ಕೆ ಚರ್ಮವು ಕೆಡುವುದಿಲ್ಲ, ಉಳಿದುಕೊಂಡಾಗ ಕೆಡುತ್ತದೆ. ಇಟ್ಟಿಗೆಗಳು ಉಬ್ಬಲು, ಯೂರಿಯವು ಅಮೋನಿಯವಾಗಲು, ಮೆತ್ತಗಾದ ಚರ್ಮವು ಬಟ್ಟೆಯನ್ನು ಹಿಡಿದುಕೊಳ್ಳಲು ಕಾಲಾವಕಾಶ ಬೇಕು. ಆ ಅವಕಾಶವನ್ನು ಕೊಡದಿರುವುದೇ ಚಿಕಿತ್ಸೆಯ ಮೊದಲ ಪಾಠ. ತೀವ್ರನಿಗಾ ಘಟಕದಲ್ಲಿ ಗಂಟೆಗಂಟೆಗೂ ಹೊದಿಕೆಯನ್ನು ಸರಿಸಿ, ಒದ್ದೆಯನ್ನು ನೋಡಿ, ಒರೆಸಿ, ಲೇಪ ಹಚ್ಚುವ ದಾದಿಯ ಕೆಲಸವನ್ನು ಯಾವ ಯಂತ್ರದ ಪರದೆಯೂ ತೋರಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರಿರಬಹುದು. ಅಂಥವರು ತಮ್ಮ ಹಾಸಿಗೆ ಒದ್ದೆಯಾಗಿದೆಯೆಂದು ಹೇಳಲು ನಾಚುತ್ತಾರೆ. ಅವರು ಹೇಳುವವರೆಗೆ ಕಾಯದೆ ನಾವೇ ಹೋಗಿ ನೋಡುವುದು ಒಳ್ಳೆಯದು.